ಕಣ್ಣಿನ ಕೆಳಗಿನ ಕಪ್ಪು ಮತ್ತು ಮನೆ ಆರೈಕೆ: ಚಳ್ಳಕೆರೆ–ಮೊಳಕಾಲ್ಮುರು ಸೀಮೆ

ಕಣ್ಣಿನ ಕೆಳರೆಪ್ಪೆಯ ಚರ್ಮ ಮುಖದ ಉಳಿದ ಭಾಗಕ್ಕಿಂತ ಕಪ್ಪಾಗಿ, ಕಂದಾಗಿ ಅಥವಾ ನೀಲಿ ಛಾಯೆಯಲ್ಲಿ ಕಾಣುವ ಸ್ಥಿತಿಯನ್ನು ಕಣ್ಣಿನ ಕೆಳಗಿನ ಕಪ್ಪು, ಕಪ್ಪು ವರ್ತುಲ ಅಥವಾ ಡಾರ್ಕ್ ಸರ್ಕಲ್ ಎನ್ನುತ್ತಾರೆ. ಎರಡೂ ಕಣ್ಣಿಗೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬರುತ್ತದೆ. ಕೆಲವರಲ್ಲಿ ಮೇಲ್ರೆಪ್ಪೆಗೂ ಹಬ್ಬಿ ಕಣ್ಣಿನ ಸುತ್ತ ಪೂರ್ತಿ ಬಳೆಯಾಗುತ್ತದೆ. ಇದು ಒಂದೇ ಕಾಯಿಲೆಯಲ್ಲ. ಬೇರೆ ಬೇರೆ ಕಾರಣಗಳು ಒಂದೇ ಜಾಗದಲ್ಲಿ ಒಂದೇ ಬಗೆಯಾಗಿ ತೋರುವುದರಿಂದ ಎಲ್ಲಕ್ಕೂ ಒಂದೇ ಹೆಸರು ಬಿದ್ದಿದೆ. ಮನೆಮದ್ದು ಒಬ್ಬರಿಗೆ ಫಲ ಕೊಟ್ಟು ಪಕ್ಕದ ಮನೆಯವರಿಗೆ ಏನೂ ಮಾಡದೆ ಹೋಗುವುದು ಇದರಿಂದಲೇ. ಹಚ್ಚುವುದು ಏನು ಎಂಬುದಕ್ಕೆ ಮೊದಲು ಬಂದದ್ದು ಏಕೆ ಎಂದು ನೋಡಿಕೊಂಡರೆ ಮನೆ ಆರೈಕೆಗೆ ಅರ್ಥವಿದೆ.

ಚಿತ್ರದುರ್ಗ ಜಿಲ್ಲೆಯ ಈಶಾನ್ಯಕ್ಕಿರುವ, ಆಂಧ್ರಪ್ರದೇಶದ ಗಡಿಗೆ ತಾಗಿದ ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳ ಬದುಕನ್ನು ಮುಂದಿಟ್ಟುಕೊಂಡು ಈ ಲೇಖನ ಕಾರಣಗಳನ್ನೂ ಆರೈಕೆಯನ್ನೂ ವಿವರಿಸುತ್ತದೆ. ಬಿಸಿಲು, ದೂಳು, ರಾತ್ರಿ ಕೆಲಸ, ರಕ್ತಹೀನತೆ ಎಂಬ ನಾಲ್ಕೂ ಇಲ್ಲಿ ಒಟ್ಟಿಗೆ ಸಿಗುತ್ತವೆ.

ಸ್ವರೂಪ

ದೇಹದಲ್ಲೇ ಅತಿ ತೆಳುವಾದ ಚರ್ಮ ಕಣ್ಣಿನ ರೆಪ್ಪೆಯದು. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅಂಗಾಲಿನ ಚರ್ಮ ಇದಕ್ಕಿಂತ ಹಲವು ಪಟ್ಟು ದಪ್ಪ. ರೆಪ್ಪೆಯ ಚರ್ಮದ ಅಡಿಯಲ್ಲಿ ಕೊಬ್ಬಿನ ಪದರವೂ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಕೆಳಗಿರುವ ಸ್ನಾಯುವಿನ ಕೆಂಪು, ಸಣ್ಣ ರಕ್ತನಾಳಗಳ ನೀಲಿ ಎರಡೂ ಹೊರಗೆ ಹಾಯ್ದು ಕಾಣುತ್ತವೆ. ಎಣ್ಣೆ ಗ್ರಂಥಿಗಳು ಕಡಿಮೆ ಇರುವುದರಿಂದ ಈ ಭಾಗ ಬೇಗ ಒಣಗುತ್ತದೆ, ಬೇಗ ಸುಕ್ಕುಗಟ್ಟುತ್ತದೆ, ಖಾರದ ಪದಾರ್ಥ ತಾಗಿದರೆ ಬೇಗ ಉರಿಯುತ್ತದೆ.

ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್. ಬಿಸಿಲು, ಉಜ್ಜುವಿಕೆ, ಉರಿಯೂತ ಇವುಗಳಲ್ಲಿ ಯಾವುದು ತಾಗಿದರೂ ಕಂದು ಚರ್ಮ ಮೆಲನಿನ್ ಹೆಚ್ಚಿಸಿ ಉತ್ತರಿಸುತ್ತದೆ. ಅಮೆರಿಕದ ಚರ್ಮತಜ್ಞ ಥಾಮಸ್ ಫಿಟ್ಸ್‌ಪ್ಯಾಟ್ರಿಕ್ 1975ರಲ್ಲಿ ರೂಪಿಸಿದ ವರ್ಗೀಕರಣದಲ್ಲಿ ಭಾರತೀಯರ ಚರ್ಮ ಹೆಚ್ಚಾಗಿ 4 ಮತ್ತು 5ನೇ ವರ್ಗಕ್ಕೆ ಸೇರುತ್ತದೆ. ಈ ವರ್ಗದ ಚರ್ಮ ಬಿಸಿಲಿಗೆ ಸುಡುವುದು ಕಡಿಮೆ. ಆದರೆ ಒಮ್ಮೆ ಗಾಯ, ಅಲರ್ಜಿ, ತುರಿಕೆ ಆದ ಜಾಗದಲ್ಲಿ ಕಲೆ ಬಹುಕಾಲ ನಿಲ್ಲುತ್ತದೆ.

ವಿಧಗಳು

ವೈದ್ಯರು ಇದನ್ನು ಸಾಮಾನ್ಯವಾಗಿ ನಾಲ್ಕು ಬಗೆಯಾಗಿ ನೋಡುತ್ತಾರೆ.

ವರ್ಣದ ಬಗೆ: ಮೆಲನಿನ್ ಹೆಚ್ಚಾಗಿ ಕಂದು ಅಥವಾ ಕಡುಗಂದು ಬಣ್ಣ ಬರುತ್ತದೆ. ಮನೆತನದಲ್ಲಿ ಬಂದದ್ದು, ಬಿಸಿಲಿನಿಂದ ಆದದ್ದು, ಇಸುಬು ಅಥವಾ ಅಲರ್ಜಿ ಮಾಗಿದ ಮೇಲೆ ಉಳಿದದ್ದು ಈ ಗುಂಪಿನವು.

ರಕ್ತನಾಳದ ಬಗೆ: ನೀಲಿ, ನೇರಳೆ ಅಥವಾ ಗುಲಾಬಿ ಛಾಯೆ, ಕೆಲವೊಮ್ಮೆ ಸ್ವಲ್ಪ ಊತ. ನಿದ್ದೆಗೆಟ್ಟಾಗ, ಮೂಗು ಕಟ್ಟಿದಾಗ, ರಕ್ತ ಕಡಿಮೆಯಾಗಿ ಮುಖ ಬಿಳಿಚಿಕೊಂಡಾಗ ಎದ್ದು ಕಾಣುತ್ತದೆ.

ರಚನೆಯ ಬಗೆ: ಇಲ್ಲಿ ಚರ್ಮದ ಬಣ್ಣ ಬದಲಾಗಿರುವುದಿಲ್ಲ. ಕಣ್ಣಿನ ಒಳಮೂಲೆಯಿಂದ ಕೆನ್ನೆಯತ್ತ ಇಳಿಯುವ ಗುಳಿ ಆಳವಾಗಿಯೋ, ಕೆಳರೆಪ್ಪೆ ಚೀಲದಂತೆ ಉಬ್ಬಿಯೋ ನೆರಳು ಬೀಳುತ್ತದೆ. ವಯಸ್ಸಾದಂತೆ, ತೂಕ ಇಳಿದಂತೆ ಹೆಚ್ಚುತ್ತದೆ.

ಮಿಶ್ರ ಬಗೆ: ಮೇಲಿನ ಎರಡೋ ಮೂರೋ ಕೂಡಿದ್ದು. ಪ್ರಾಯ ಕಳೆದವರಲ್ಲಿ ಬಹುಪಾಲು ಇದೇ.

ಮನೆಯಲ್ಲೇ ಬಗೆ ತಿಳಿಯಲು ಕನ್ನಡಿ ಸಾಕು. ಬೆಳಗ್ಗೆ ಮುಖ ತೊಳೆದು ಒರೆಸಿ, ಕಾಡಿಗೆಯ ಲವಲೇಶವೂ ಇಲ್ಲದಂತೆ ಮಾಡಿಕೊಂಡು, ತಲೆಬಾಗಿಲಿನ ಬೆಳಕಿಗೆ ಮುಖ ಕೊಟ್ಟು ನಿಲ್ಲಬೇಕು. ಬಲ್ಬಿನ ಬೆಳಕಲ್ಲಿ ನೋಡಬಾರದು. ಮೇಲಿನಿಂದ ಬೀಳುವ ಬೆಳಕು ಇಲ್ಲದ ಗುಳಿಯನ್ನೂ ತೋರಿಸುತ್ತದೆ. ಮೊದಲು ಗಲ್ಲ ಎತ್ತಿ ಮುಖವನ್ನು ಬೆಳಕಿಗೆ ಒಡ್ಡಬೇಕು. ಕಪ್ಪು ಅಲ್ಲೇ ಮಾಯವಾದರೆ ಅದು ಗುಳಿಯ ನೆರಳು. ಹೋಗದಿದ್ದರೆ ಕೆನ್ನೆಯ ಮೇಲೆ ಬೆರಳಿಟ್ಟು ಕೆಳರೆಪ್ಪೆಯ ಚರ್ಮವನ್ನು ಮೆಲ್ಲಗೆ ಕೆಳಕ್ಕೆಳೆಯಬೇಕು. ಕಂದು ಬಣ್ಣ ಇದ್ದ ಹಾಗೇ ಚರ್ಮದೊಡನೆ ಸರಿದರೆ ವರ್ಣದ ಬಗೆ. ಚರ್ಮ ಬಿಗಿದು ತೆಳುವಾದಾಗ ನೀಲಿ-ನೇರಳೆ ಇನ್ನಷ್ಟು ಗಾಢವಾದರೆ ರಕ್ತನಾಳದ ಬಗೆ. ಹಾಗೆ ಎಳೆದಾಗಲೇ ರೆಪ್ಪೆಯ ಒಳಬದಿಯನ್ನೂ ನೋಡಿಕೊಳ್ಳಬಹುದು. ಅದು ಕೆಂಪಾಗಿರಬೇಕು, ಬಿಳಿಚಿಕೊಂಡಿದ್ದರೆ ರಕ್ತಪರೀಕ್ಷೆ ಮಾಡಿಸಬೇಕೆಂದು ಅರ್ಥ.

ಕಾರಣಗಳು

ಮನೆತನ: ಅಜ್ಜಿ, ತಾಯಿ, ಮಗಳು ಮೂವರಿಗೂ ಕಣ್ಣಿನ ಸುತ್ತ ಒಂದೇ ಬಗೆಯ ಕಪ್ಪಿದ್ದರೆ, ಅದು ಚಿಕ್ಕಂದಿನಲ್ಲೇ ಶುರುವಾಗಿದ್ದರೆ, ಕಾಯಿಲೆ ಎನ್ನುವ ಹಾಗಿಲ್ಲ, ಮೂಗಿನ ಆಕಾರದ ಹಾಗೆ ಅದೂ ಬಳುವಳಿ. ಆರೈಕೆಯಿಂದ ಹೆಚ್ಚದಂತೆ ತಡೆಯಬಹುದು, ಪೂರ್ತಿ ತೆಗೆಯುವುದು ಕಷ್ಟ.

ನಿದ್ದೆಗೇಡು: ಸ್ವೀಡನ್ನಿನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಒಂದೇ ವ್ಯಕ್ತಿ ಚೆನ್ನಾಗಿ ನಿದ್ದೆ ಮಾಡಿದಾಗಿನ ಮತ್ತು 31 ಗಂಟೆ ಎಚ್ಚರವಿದ್ದಾಗಿನ ಚಿತ್ರಗಳನ್ನು ಬೇರೆಯವರಿಗೆ ತೋರಿಸಿದ್ದರು. ನಿದ್ದೆಗೆಟ್ಟ ಮುಖಗಳಲ್ಲಿ ಕಣ್ಣಿನ ಕೆಳಗಿನ ಕಪ್ಪು, ರೆಪ್ಪೆ ಜೋತುಬೀಳುವುದು, ಊತ ಹೆಚ್ಚೆಂದು ನೋಡಿದವರು ಗುರುತಿಸಿದರು. ನಿದ್ದೆ ಕೆಟ್ಟಾಗ ಚರ್ಮ ಬಿಳಿಚಿ, ಅಡಿಯ ರಕ್ತನಾಳ ಎದ್ದು ಕಾಣುತ್ತದೆ.

ಅಲರ್ಜಿ ಮತ್ತು ಉಜ್ಜುವ ಚಾಳಿ: ದೂಳಿನಿಂದ, ಪರಾಗದಿಂದ ಮೂಗು ಕಟ್ಟಿದಾಗ ಕಣ್ಣಿನ ಕೆಳಗಿನಿಂದ ಹಿಂದಿರುಗುವ ರಕ್ತದ ಹರಿವು ನಿಧಾನವಾಗಿ ನೀಲಿಗಪ್ಪು ಮೂಡುತ್ತದೆ. ಜೊತೆಗೆ ತುರಿಕೆ, ತುರಿಕೆಗೆ ಮುಂಗೈಯಿಂದ ಉಜ್ಜು, ಉಜ್ಜಿದಷ್ಟೂ ಮೆಲನಿನ್. ಮಕ್ಕಳಲ್ಲಿ ಕಾಣುವ ಕಪ್ಪಿಗೆ ಇದು ಮುಖ್ಯ ಕಾರಣಗಳಲ್ಲೊಂದು.

ರಕ್ತಹೀನತೆ: ಹಿಮೋಗ್ಲೋಬಿನ್ ಇಳಿದಾಗ ಮುಖದ ಕಾಂತಿ ಕುಂದಿ ಕಣ್ಣಿನ ಕೆಳಗಿನ ಕಪ್ಪು ಎದ್ದು ತೋರುತ್ತದೆ. ಗರ್ಭಿಣಿಯಲ್ಲದ ಹೆಂಗಸರಿಗೆ ಡೆಸಿಲೀಟರಿಗೆ 12 ಗ್ರಾಂ, ಗರ್ಭಿಣಿಯರಿಗೆ 11, ಗಂಡಸರಿಗೆ 13 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲಿ ಈ ಪ್ರಮಾಣ ಶೇ 48ರ ಹತ್ತಿರ.

ಇತರ ಕಾರಣಗಳು: ಕತ್ತಿನ ಹಿಂಬದಿ, ಕಂಕುಳು ಕೂಡ ಕಪ್ಪಾಗಿ ಮಖಮಲ್ಲಿನಂತೆ ದಪ್ಪಗಾಗಿದ್ದರೆ ದೇಹ ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸುತ್ತಿಲ್ಲವೆಂಬ ಸೂಚನೆ, ಸಕ್ಕರೆ ಪರೀಕ್ಷೆ ಮಾಡಿಸಬೇಕು. ಥೈರಾಯಿಡ್ ತೊಂದರೆ, ಧೂಮಪಾನ, ಕುಡಿತ, ಕೂದಲಿಗೆ ಹಚ್ಚುವ ಕಪ್ಪು ಬಣ್ಣದ ಅಲರ್ಜಿ ಕೂಡ ಕಾರಣವಾಗುತ್ತವೆ. ಗ್ಲಾಕೋಮಾಕ್ಕೆ ಹಾಕುವ ಬೈಮ್ಯಾಟೊಪ್ರಾಸ್ಟ್, ಲ್ಯಾಟನೊಪ್ರಾಸ್ಟ್ ಜಾತಿಯ ಹನಿಗಳಿಂದಲೂ ರೆಪ್ಪೆ ಕಪ್ಪಾಗುವುದುಂಟು. ಹಾಗೆಂದು ವೈದ್ಯರನ್ನು ಕೇಳದೆ ಹನಿ ನಿಲ್ಲಿಸಬಾರದು. ಕಪ್ಪು ಹೋದರೂ ದೃಷ್ಟಿ ಹೋದರೆ ಮರಳುವುದಿಲ್ಲ.

ಚಳ್ಳಕೆರೆ–ಮೊಳಕಾಲ್ಮುರು ಸೀಮೆಯ ಪರಿಸ್ಥಿತಿ

ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿ ಇವೆರಡೂ ಇವೆ. ಕುರುಚಲು ಗುಡ್ಡ, ಬಯಲು ಕಾವಲು, ವೇದಾವತಿ ಹರಿವಿನ ಅಂಚಿನ ತೋಟ ಬಿಟ್ಟರೆ ಉಳಿದದ್ದು ಮಳೆ ನಂಬಿದ ಹೊಲ. ಬೆಳೆ ಎಂದರೆ ಮುಖ್ಯವಾಗಿ ಶೇಂಗಾ. ಶೇಂಗಾ ಎಣ್ಣೆ ಗಿರಣಿಗಳಿಂದಲೇ ಚಳ್ಳಕೆರೆಗೆ ಎಣ್ಣೆ ನಗರಿ ಎಂಬ ಹೆಸರು ಬಂತು. ಕುರಿ ಸಾಕಣೆ, ಕಂಬಳಿ ನೇಯ್ಗೆ ಇಲ್ಲಿನ ಹಳೆಯ ಕಸುಬುಗಳು. ಮೊಳಕಾಲ್ಮುರು ರೇಷ್ಮೆ ಸೀರೆಗೆ ಹೆಸರಾದದ್ದು. ಈ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು.

ಈ ಕಸುಬುಗಳು ಕಣ್ಣಿಗೆ ಮುಟ್ಟುವ ಬಗೆ ಒಂದೊಂದು ತರ. ಶೇಂಗಾ ಕಿತ್ತು ಒಣಗಿಸಿ ಕಾಯಿ ಬಿಡಿಸುವ ದಿನಗಳಲ್ಲಿ ಒಣಮಣ್ಣಿನ ದೂಳು ಕಣದ ಮೇಲೆ ಮೋಡವಾಗಿ ನಿಂತಿರುತ್ತದೆ. ಕಂಬಳಿಯ ಉಣ್ಣೆ ಹಿಂಜುವಾಗ ಏಳುವ ಸಣ್ಣ ಎಳೆಗಳು ಕಣ್ಣಿಗೂ ಮೂಗಿಗೂ ಹೋಗುತ್ತವೆ. ಗುಂಡಿ ಮಗ್ಗದಲ್ಲಿ ಕೂತ ನೇಕಾರರು ಕೂದಲೆಳೆಯಷ್ಟು ಸಣ್ಣ ರೇಷ್ಮೆ ದಾರವನ್ನು ಹತ್ತಿರದಿಂದ ನೋಡುತ್ತಾ ಗಂಟೆಗಟ್ಟಲೆ ಕಣ್ಣು ಕಿರಿದು ಮಾಡಿರುತ್ತಾರೆ. ಕಣ್ಣು ಉರಿದಾಗ ಉಜ್ಜುತ್ತಾರೆ. ಲಗ್ನದ ತಿಂಗಳಲ್ಲಿ ಬೇಡಿಕೆ ಏರಿದರೆ ರಾತ್ರಿಯೂ ಮಗ್ಗ ನಡೆಯುತ್ತದೆ. ಕಣ್ಣಿಗೆ ಕೆಲಸ ಕೊಟ್ಟ ಮಾತ್ರಕ್ಕೆ ಕಪ್ಪು ಬರುವುದಿಲ್ಲ. ಅದರ ಜೊತೆಗೆ ಬರುವ ಉಜ್ಜುವಿಕೆ, ನಿದ್ದೆಗೇಡು, ನಲವತ್ತು ದಾಟಿದರೂ ಹಾಕದ ಹತ್ತಿರದ ಕನ್ನಡಕ ಇವುಗಳಿಂದ ಬರುತ್ತದೆ. ಸರಿಯಾದ ಕನ್ನಡಕವೂ ಇಲ್ಲಿ ಒಂದು ಮನೆಮದ್ದೇ.

ಹೊಲದವರ ನಿದ್ದೆಗೇಡಿಗೆ ಬೇರೆ ಕಾರಣ. ಕೊಳವೆಬಾವಿಗೆ ತ್ರೀಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ಮೋಟಾರ್ ಹಾಕಲು, ನೀರು ತಿರುಗಿಸಲು ಸರಿಹೊತ್ತಿನಲ್ಲಿ ಏಳಬೇಕು. ಬೆಳಗ್ಗೆ ಮತ್ತೆ ಬಿಸಿಲಿಗೆ ಬೀಳಬೇಕು. ಅಂಥವರ ಕಣ್ಣಿಗೆ ಸೌತೆಕಾಯಿ ಇಟ್ಟು ಪ್ರಯೋಜನವಿಲ್ಲ. ಮಧ್ಯಾಹ್ನ ನೆರಳಲ್ಲಿ ಒಂದು ಸಣ್ಣ ನಿದ್ದೆ ಅದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಪಾರ್ಥೇನಿಯಂ, ಅಂದರೆ ಹಳ್ಳಿಗರು ಕಾಂಗ್ರೆಸ್ ಗಿಡ ಎನ್ನುವ ಕಳೆ, ವಿಶೇಷ ಗಮನಕ್ಕೆ ಅರ್ಹ. 1950ರ ದಶಕದಲ್ಲಿ ಪುಣೆಯ ಬಳಿ ಕಂಡ ಈ ವಿದೇಶಿ ಗಿಡ ದೇಶದ ಬಯಲುಸೀಮೆಯನ್ನೆಲ್ಲ ಹಬ್ಬಿದೆ. ಇದರಲ್ಲಿರುವ ಪಾರ್ಥೇನಿನ್ ಎಂಬ ರಾಸಾಯನಿಕ ಚರ್ಮಕ್ಕೆ ತಾಗಿ ಅಲರ್ಜಿ ಎಬ್ಬಿಸುತ್ತದೆ. ಒಣಗಿದ ಗಿಡದ ಪುಡಿ ಗಾಳಿಯಲ್ಲಿ ತೇಲಿ ಬಂದು ಮೊದಲು ಕೂರುವುದು ರೆಪ್ಪೆ, ಕತ್ತು, ಮೊಣಕೈ ಮಡಿಕೆಗಳ ಮೇಲೆ. ಕಳೆ ಕೀಳುವವರ, ಬದುವಿನ ಮೇಲೆ ಕುರಿ ಕಾಯುವವರ ರೆಪ್ಪೆ ದಪ್ಪಗಾಗಿ, ಒರಟಾಗಿ, ಕಪ್ಪಾಗಿದ್ದು, ಮಳೆಗಾಲದ ನಂತರ ಹೆಚ್ಚಾಗುತ್ತಿದ್ದರೆ ಈ ಗಿಡವನ್ನು ಶಂಕಿಸಬೇಕು. ಕೈಗವಸು, ತುಂಬುತೋಳಿನ ಅಂಗಿ, ಮುಖಕ್ಕೆ ಟವೆಲ್ ಸುತ್ತಿಕೊಂಡು ಕೀಳುವುದು, ಹೂ ಬಿಡುವ ಮೊದಲೇ ಕೀಳುವುದು, ಮನೆಗೆ ಬಂದೊಡನೆ ಸ್ನಾನ ಮಾಡಿ ಬಟ್ಟೆ ಬದಲಿಸುವುದು ಇದಕ್ಕೆ ಮದ್ದು.

ಮನೆ ಆರೈಕೆ

ನಿದ್ದೆ: ವಯಸ್ಕರಿಗೆ ರಾತ್ರಿ ಕನಿಷ್ಠ 7 ಗಂಟೆಗಳ ನಿದ್ದೆ ಬೇಕು. ಬೆಳಗ್ಗೆ ಏಳುವಾಗ ಕಣ್ಣಿನ ಕೆಳಗೆ ಊತ ಇರುವವರು ತಲೆದಿಂಬು ಇನ್ನೊಂದಿಟ್ಟು ತಲೆ ಎತ್ತರಿಸಿ ಮಲಗಿದರೆ ನೀರು ಕೆಳಗಿಳಿಯುತ್ತದೆ. ರಾತ್ರಿ ಊಟದಲ್ಲಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಕಡಿಮೆಯಾದರೆ ಬೆಳಗಿನ ಊತವೂ ಇಳಿಯುತ್ತದೆ.

ತಣ್ಣನೆಯ ಪಟ್ಟಿ: ಶುದ್ಧ ಹತ್ತಿ ಬಟ್ಟೆಯನ್ನು ಮಡಕೆಯ ತಣ್ಣೀರಿನಲ್ಲಿ ಅದ್ದಿ, ಹಿಂಡಿ, ಮುಚ್ಚಿದ ಕಣ್ಣಿನ ಮೇಲೆ 10 ನಿಮಿಷ ಇಡುವುದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಸುರಕ್ಷಿತ. ತಂಪಿಗೆ ರಕ್ತನಾಳ ಸಂಕುಚಿಸಿ ನೀಲಿ ಛಾಯೆಯೂ ಊತವೂ ಕೆಲವು ಗಂಟೆ ತಗ್ಗುತ್ತವೆ. ಸೌತೆಕಾಯಿ ಬಿಲ್ಲೆ, ನಂದಿಬಟ್ಟಲು ಹೂವು, ಕಾಯಿಸಿ ಆರಿಸಿದ ಹಾಲಿನ ಹತ್ತಿ ಇವೆಲ್ಲ ಮುಖ್ಯವಾಗಿ ಮಾಡುವುದು ಇದೇ ತಂಪಿನ ಕೆಲಸ. ಟೀ ಸೋಸಿ ಉಳಿದ ಗಸಿಯನ್ನು ತೆಳುಬಟ್ಟೆಯಲ್ಲಿ ಕಟ್ಟಿ ತಣ್ಣಗೆ ಮಾಡಿ ಇಟ್ಟರೆ ತಂಪಿನ ಜೊತೆಗೆ ಅದರಲ್ಲಿರುವ ಕೆಫೀನ್ ಕೂಡ ರಕ್ತನಾಳವನ್ನು ಸ್ವಲ್ಪ ಬಿಗಿಗೊಳಿಸುತ್ತದೆ. ಮಂಜುಗಡ್ಡೆಯನ್ನು ನೇರವಾಗಿ ರೆಪ್ಪೆಗೆ ಇಡಬಾರದು, ಚರ್ಮ ಸುಡುತ್ತದೆ. ಕಂದು ಬಣ್ಣದ ಬಗೆಗೆ ತಂಪಿನಿಂದ ಫಲವಿಲ್ಲ.

ಬಿಸಿಲಿನ ರಕ್ಷೆ: ವರ್ಣದ ಬಗೆಗೆ ಇದೇ ಮೊದಲ ಮದ್ದು. ಹೊಲಕ್ಕೆ ಹೋಗುವ ಹೆಂಗಸರು ತಲೆ ಮೇಲೆ ಹಾಕಿಕೊಳ್ಳುವ ಟವೆಲ್ಲನ್ನು ಹಣೆಗಿಂತ ಮುಂದಕ್ಕೆ ಚಾಚುವಂತೆ ಮಡಿಸಿದರೆ ಕಣ್ಣಿಗೆ ನೆರಳಾಗುತ್ತದೆ. ಅಗಲ ಅಂಚಿನ ಟೋಪಿ, ಬೈಕ್ ಓಡಿಸುವವರಿಗೆ ಕಣ್ಣು ಪೂರ್ತಿ ಮುಚ್ಚುವ ಕನ್ನಡಕ ಅಥವಾ ಹೆಲ್ಮೆಟ್ಟಿನ ಗಾಜು ಬಿಸಿಲನ್ನೂ ದೂಳನ್ನೂ ತಡೆಯುತ್ತವೆ. ಸನ್‌ಸ್ಕ್ರೀನ್ ಹಚ್ಚುವವರು ಎಸ್‌ಪಿಎಫ್ 30 ಅಥವಾ ಹೆಚ್ಚಿನದನ್ನು, ಕಣ್ಣಿನ ಬಳಿ ಉರಿ ಕಡಿಮೆ ಮಾಡುವ ಜಿಂಕ್ ಆಕ್ಸೈಡ್ ಇರುವುದನ್ನು ಆರಿಸಬೇಕು. ಹೊರಗಿರುವವರು ಎರಡು-ಮೂರು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು.

ಉಜ್ಜದಿರುವುದು: ಕಣ್ಣಿಗೆ ದೂಳು ಬಿದ್ದರೆ ಕೈ ತೊಳೆದು, ಬೊಗಸೆ ತುಂಬ ಶುದ್ಧ ನೀರಿನಲ್ಲಿ ಕಣ್ಣು ಮಿಟುಕಿಸಿ ತೊಳೆಯಬೇಕು. ಮುಖ ಒರೆಸುವಾಗ ಟವೆಲ್ಲಿನಿಂದ ತಿಕ್ಕದೆ ಒತ್ತಿ ತೆಗೆಯಬೇಕು. ತುರಿಕೆ ನಿಲ್ಲದಿದ್ದರೆ ಮೂಗಿನ ಅಲರ್ಜಿಗೆ ಚಿಕಿತ್ಸೆ ಪಡೆಯಬೇಕು. ತುರಿಕೆ ಇರುವವರೆಗೆ ಹಚ್ಚಿದ್ದೆಲ್ಲ ವ್ಯರ್ಥ. ಸೌದೆ ಒಲೆಯ ಮನೆಗಳಲ್ಲಿ ಹೊಗೆ ಹೊರಗೆ ಹೋಗುವ ದಾರಿ ಮಾಡಿಕೊಳ್ಳುವುದೂ ಇದಕ್ಕೇ ಸೇರಿದ ಆರೈಕೆ.

ಆಹಾರ: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ, ಗಂಡಸರಿಗೆ 19 ಮಿಲಿಗ್ರಾಂ ಕಬ್ಬಿಣ ಬೇಕು. ಈ ಸೀಮೆಯ ಹಳೆಯ ಊಟದಲ್ಲಿ ಕಬ್ಬಿಣಕ್ಕೆ ಕೊರತೆಯಿರಲಿಲ್ಲ: ಸಜ್ಜೆ ರೊಟ್ಟಿ, ರಾಗಿ ಮುದ್ದೆ, ಹುರುಳಿ ಸಾರು, ದಂಟು, ನುಗ್ಗೆ ಸೊಪ್ಪು, ಹೊನಗೊನೆ ಸೊಪ್ಪು. ಸಜ್ಜೆ, ಹುರುಳಿಯಲ್ಲಿ ಅಕ್ಕಿಗಿಂತ ಹಲವು ಪಟ್ಟು ಹೆಚ್ಚು ಕಬ್ಬಿಣವಿದೆ. ಮಾಂಸ ತಿನ್ನುವ ಮನೆಗಳಲ್ಲಿ ಕುರಿಯ ಈಲಿ ಕಬ್ಬಿಣದ ಒಳ್ಳೆಯ ಮೂಲ. ಮಾಂಸದ ಕಬ್ಬಿಣ ದೇಹಕ್ಕೆ ಸುಲಭವಾಗಿ ಹತ್ತುತ್ತದೆ. ಸೊಪ್ಪು ಕಾಳಿನ ಕಬ್ಬಿಣ ಹತ್ತಬೇಕಾದರೆ ಹುಳಿ ಬೇಕು: ಸಾರಿಗೆ ನಿಂಬೆ ಹಿಂಡುವುದು, ಊಟದ ಜೊತೆಗೆ ನೆಲ್ಲಿಕಾಯಿ ಅಥವಾ ಸೀಬೆಹಣ್ಣು ತಿನ್ನುವುದು. ಊಟದ ಬೆನ್ನಿಗೇ ಟೀ ಕುಡಿದರೆ ಅದರ ಒಗರು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಬೇಕು.

ರಕ್ತಹೀನತೆ ಬಂದ ಮೇಲೆ ಊಟವೊಂದೇ ಸಾಲುವುದಿಲ್ಲ. ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದಡಿ ಹದಿಹರೆಯದವರಿಗೆ ವಾರಕ್ಕೊಂದು ನೀಲಿ ಮಾತ್ರೆ, ಗರ್ಭಿಣಿಯರಿಗೆ ದಿನಕ್ಕೊಂದರಂತೆ 180 ದಿನ ಕೆಂಪು ಮಾತ್ರೆ ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತ. ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಮಲ ಕಪ್ಪಾಗುತ್ತದೆಂದು, ಹೊಟ್ಟೆ ತೊಳಸುತ್ತದೆಂದು ಮಾತ್ರೆಯನ್ನು ಬೀರುವಿನಲ್ಲಿಡುವವರು ಅನೇಕರು. ಮಲ ಕಪ್ಪಾಗುವುದು ಸಹಜ. ಹೊಟ್ಟೆ ತೊಳಸಿದರೆ ಊಟದ ನಂತರ ತೆಗೆದುಕೊಳ್ಳಬಹುದು. ಆಶಾ ಕಾರ್ಯಕರ್ತೆಯಿಂದ, ಅಂಗನವಾಡಿಯಿಂದ ಮನೆಗೆ ಬರುವ ಈ ಮಾತ್ರೆ ಬಿಳಿಚಿದ ಮುಖದ ಕಣ್ಗಪ್ಪಿಗೆ ಯಾವ ಕ್ರೀಮಿಗಿಂತಲೂ ಮೇಲು.

ಹಚ್ಚುವ ಪದಾರ್ಥಗಳು

ಕೊಬ್ಬರಿ ಎಣ್ಣೆ, ಬಾದಾಮಿ ಎಣ್ಣೆ, ಹರಳೆಣ್ಣೆ ಇವು ಚರ್ಮದ ಒಣಕು ತಗ್ಗಿಸಿ ಸಣ್ಣ ಸುಕ್ಕು ಮರೆಸುತ್ತವೆ. ಬಣ್ಣ ತೆಗೆಯುತ್ತವೆಂಬುದಕ್ಕೆ ಗಟ್ಟಿ ಆಧಾರವಿಲ್ಲ. ಮಲಗುವ ಮುನ್ನ ಒಂದು ತೊಟ್ಟು ಎಣ್ಣೆಯನ್ನು ಉಂಗುರ ಬೆರಳಿನಲ್ಲಿ, ಕಣ್ಣಿನ ಮೂಳೆಯ ಅಂಚಿನ ಮೇಲೆ, ತಿಕ್ಕದೆ ತಟ್ಟಿ ಹಚ್ಚುವುದು ಸಾಕು. ಹರಳೆಣ್ಣೆಯನ್ನು ನೆತ್ತಿಗೂ ಅಂಗಾಲಿಗೂ ಹಚ್ಚಿ ಮಲಗುವ ರೂಢಿ ಬಯಲುಸೀಮೆಯಲ್ಲಿ ಹಳೆಯದು. ಅದರಿಂದ ನಿದ್ದೆ ಬಂದವರಿಗೆ ನಿದ್ದೆಯ ಫಲ ಸಿಗುತ್ತದೆ.

ಲೋಳೆಸರ ಹಚ್ಚುವವರು ಎಲೆ ಕತ್ತರಿಸಿದಾಗ ಒಸರುವ ಹಳದಿ ರಸವನ್ನು ಪೂರ್ತಿ ಹರಿಯಬಿಟ್ಟು, ತೊಳೆದು, ಒಳಗಿನ ತಿಳಿ ಲೋಳೆಯನ್ನಷ್ಟೇ ಬಳಸಬೇಕು. ಹಳದಿ ರಸ ಚರ್ಮಕ್ಕೆ ಉರಿ. ಆಲೂಗಡ್ಡೆ ರಸ, ಪನ್ನೀರು, ಶ್ರೀಗಂಧ ಇವುಗಳಿಂದ ತಂಪು ಸಿಗುತ್ತದೆ. ಬಣ್ಣ ಬದಲಾಗುವ ಭರವಸೆ ಇಟ್ಟುಕೊಳ್ಳಬಾರದು. ಏನನ್ನೇ ಹಚ್ಚುವ ಮೊದಲು ಮುಂಗೈಯ ಒಳಬದಿಗೆ ಚೂರು ಹಚ್ಚಿ ಎರಡು ದಿನ ಕಾಯುವುದು ಒಳ್ಳೆಯದು.

ಕಣ್ಣಿನ ಬಳಿ ತರಬಾರದ ವಸ್ತುಗಳೂ ಇವೆ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಬೆಂದು ಮೊದಲಿಗಿಂತ ಕಪ್ಪಾಗುತ್ತದೆ. ಅಡುಗೆ ಸೋಡಾ, ಟೂತ್‌ಪೇಸ್ಟ್, ಬೆಳ್ಳುಳ್ಳಿ, ತಲೆನೋವಿಗೆ ಹಚ್ಚುವ ಮೆಂಥಾಲ್ ಮುಲಾಮು ಉರಿಯೂತ ತರುತ್ತವೆ. ಅರಿಶಿನ ಕೆಲವರಿಗೆ ಅಲರ್ಜಿ. ಸಕ್ಕರೆ, ಅಕ್ಕಿಹಿಟ್ಟಿನಿಂದ ಉಜ್ಜುವ ಸ್ಕ್ರಬ್ ಈ ತೆಳು ಚರ್ಮಕ್ಕೆ ಸಲ್ಲದು.

ಕಾಡಿಗೆ

ಕಾಡಿಗೆ ಮನೆಯಲ್ಲೇ ಕಟ್ಟುವ ಪದ್ಧತಿ ಇನ್ನೂ ಕೆಲವೆಡೆ ಇದೆ. ಬಿಳಿ ಹತ್ತಿ ಬಟ್ಟೆಯನ್ನು ಹೊನಗೊನೆ ಸೊಪ್ಪಿನ ಅಥವಾ ನಂದಿಬಟ್ಟಲು ಹೂವಿನ ರಸದಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಬತ್ತಿ ಹೊಸೆದು ಹರಳೆಣ್ಣೆಯ ದೀಪ ಹಚ್ಚುತ್ತಾರೆ. ಎರಡು ಕಡೆ ಆಸರೆ ಕೊಟ್ಟು, ಉರಿಗೆ ತಾಗುವಷ್ಟು ಮೇಲೆ ಹಿತ್ತಾಳೆ ತಟ್ಟೆಯನ್ನು ಬೋರಲು ಹಾಕುತ್ತಾರೆ. ಬೆಳಗಾಗುವ ಹೊತ್ತಿಗೆ ತಟ್ಟೆಯ ಹೊಟ್ಟೆಗೆ ಮೃದುವಾದ ಮಸಿ ಕಟ್ಟಿರುತ್ತದೆ. ಅದನ್ನು ಕೆರೆದು ಒಂದೆರಡು ತೊಟ್ಟು ಹರಳೆಣ್ಣೆ ಅಥವಾ ಬೆಣ್ಣೆಯಲ್ಲಿ ಕಲಸಿ ಭರಣಿಗೆ ತುಂಬುತ್ತಾರೆ.

ಈ ಮಸಿ ಬಹುಪಾಲು ಇಂಗಾಲ. ತೊಂದರೆ ಬರುವುದು ಅದನ್ನು ತೆಗೆಯದೆ ಮಲಗಿದಾಗ: ಎಣ್ಣೆಯ ಜೊತೆ ಜಾರಿ ಕೆಳರೆಪ್ಪೆಯ ಗೆರೆಗಳಲ್ಲಿ ಕೂರುತ್ತದೆ, ಬೆಳಗ್ಗೆ ಕಪ್ಪು ವರ್ತುಲವಾಗಿ ತೋರುತ್ತದೆ, ಅದನ್ನು ಸೋಪಿನಿಂದ ತಿಕ್ಕಿದರೆ ನಿಜವಾದ ಕಪ್ಪು ಶುರುವಾಗುತ್ತದೆ. ರಾತ್ರಿ ಹತ್ತಿಗೆ ಕೊಬ್ಬರಿ ಎಣ್ಣೆ ಹಾಕಿ ಒತ್ತಿ ಒರೆಸಿ, ನೀರಿನಲ್ಲಿ ಮುಖ ತೊಳೆದು ಮಲಗಬೇಕು. ಮೂಲ ತಿಳಿಯದ ಸುರ್ಮಾ, ಸಂತೆಯ ಬಿಡಿ ಕಾಡಿಗೆ ಬೇರೆ ಮಾತು. ಕೆಲವು ಸುರ್ಮಾಗಳ ಮುಖ್ಯ ಘಟಕವೇ ಸೀಸದ ಸಲ್ಫೈಡ್. ಸೀಸ ದೇಹ ಸೇರಿದರೆ ಮಕ್ಕಳ ಬುದ್ಧಿ ಬೆಳವಣಿಗೆಗೂ ರಕ್ತಕ್ಕೂ ಹಾನಿ. ಹಸುಗೂಸಿನ ಕಣ್ಣಿಗೆ ಮನೆಯ ಕಾಡಿಗೆಯನ್ನೂ ಹಚ್ಚಬಾರದೆಂಬುದು ಮಕ್ಕಳ ವೈದ್ಯರ ಸಲಹೆ. ಬೆರಳಿನಿಂದ ಸೋಂಕು ತಗಲುತ್ತದೆ. ದೃಷ್ಟಿ ತೆಗೆಯಲು ಅಂಗಾಲಿಗೆ ಬೊಟ್ಟಿಟ್ಟರೆ ಯಾರಿಗೂ ನಷ್ಟವಿಲ್ಲ.

ಅಂಗಡಿಯ ಕ್ರೀಮುಗಳು

ವಿಟಮಿನ್ ಸಿ, ನಿಯಾಸಿನಮೈಡ್, ಕೋಜಿಕ್ ಆಮ್ಲ, ಕೆಫೀನ್ ಇರುವ ಕಣ್ಣಿನ ಕ್ರೀಮುಗಳು ತಕ್ಕಮಟ್ಟಿಗೆ ಫಲ ಕೊಡಬಲ್ಲವು. ರೆಟಿನಾಲ್ ಇರುವುದನ್ನು ಗರ್ಭಿಣಿಯರು ಬಳಸಬಾರದು. ದೊಡ್ಡ ಅಪಾಯ ಬಿಳಿಯಾಗಿಸುವ ಕ್ರೀಮೆಂದು ಔಷಧ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೈಗೆ ಬರುವ ಸ್ಟೆರಾಯ್ಡ್ ಮಿಶ್ರಣಗಳದ್ದು. ಮೊದಲ ವಾರ ಮುಖ ತಿಳಿಯಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಇನ್ನೂ ತೆಳುವಾಗಿ ರಕ್ತನಾಳಗಳು ಹೊರಗೆ ಕಾಣುತ್ತವೆ, ಕೂದಲು ಮೂಡುತ್ತದೆ, ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು. ಚರ್ಮಕ್ಕೆ ಹಚ್ಚುವ ಹಲವು ಸ್ಟೆರಾಯ್ಡ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿಗೊಳಿಸಿತು. ಟ್ಯೂಬಿನ ಮೇಲೆ ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಾಸಾಲ್ ಎಂಬ ಹೆಸರಿದ್ದರೆ ಅದು ಸ್ಟೆರಾಯ್ಡ್.

ವೈದ್ಯರ ಬಳಿ ಹೋಗಬೇಕಾದ ಸಂದರ್ಭಗಳು

ಒಂದೇ ಕಣ್ಣಿಗೆ ಬಂದ ಕಪ್ಪು ಅಥವಾ ಊತ. ಪೆಟ್ಟು ಬೀಳದೆ ಏಕಾಏಕಿ ಬಂದ ಕಪ್ಪು. ಬೆಳಗ್ಗೆ ಮುಖ, ಸಂಜೆ ಕಾಲು ಊದುವುದು. ನಡೆದರೆ ಏದುಸಿರು, ಎದೆ ಡವಗುಟ್ಟುವುದು. ಕತ್ತು ಕಂಕುಳು ಕಪ್ಪಾಗುವುದು. ರೆಪ್ಪೆ ಒಡೆದು ನೀರಾಡುವುದು. ಇವುಗಳಲ್ಲಿ ಯಾವುದಿದ್ದರೂ ಮನೆಯಲ್ಲಿ ಕಾಯದೆ ತಾಲ್ಲೂಕು ಆಸ್ಪತ್ರೆಗೆ ತೋರಿಸಬೇಕು.

ಬೇಸಿಗೆಯಲ್ಲಿ ವಾಂತಿ-ಭೇದಿಯಾದ ಮಗುವಿನ ಕಣ್ಣು ಗುಳಿಬಿದ್ದು ಕೆಳಗೆ ಕಪ್ಪಾಗಿದ್ದರೆ ಅದು ದೇಹದ ನೀರು ಬತ್ತುತ್ತಿರುವ ಅಪಾಯದ ಗುರುತು. ಓಆರ್‌ಎಸ್ ಪೊಟ್ಟಣವನ್ನು 1 ಲೀಟರ್ ಶುದ್ಧ ನೀರಿನಲ್ಲಿ ಕರಗಿಸಿ ಗುಟುಕು ಗುಟುಕಾಗಿ ಕುಡಿಸುತ್ತ ತಕ್ಷಣ ಆಸ್ಪತ್ರೆಗೆ ಹೊರಡಬೇಕು.

ಮನೆ ಆರೈಕೆಗೆ ಬಗ್ಗದ ಕಪ್ಪಿಗೆ ಚರ್ಮತಜ್ಞರು ಬಗೆಯನ್ನು ನೋಡಿ ಚಿಕಿತ್ಸೆ ಆರಿಸುತ್ತಾರೆ: ವರ್ಣಕ್ಕೆ ಲೇಪನ, ರಾಸಾಯನಿಕ ಪೀಲ್ ಅಥವಾ ಲೇಸರ್, ಗುಳಿಗೆ ಹಯಲುರೋನಿಕ್ ಆಮ್ಲದ ಫಿಲ್ಲರ್, ಚೀಲದಂಥ ಉಬ್ಬಿಗೆ ಶಸ್ತ್ರಕ್ರಿಯೆ. ಕಂದು ಚರ್ಮಕ್ಕೆ ಲೇಸರ್ ಅಳತೆ ಮೀರಿದರೆ ಹೊಸ ಕಲೆಯೇ ಮೂಡುತ್ತದೆ. ಆದ್ದರಿಂದ ಇವನ್ನು ಬ್ಯೂಟಿ ಪಾರ್ಲರ್‌ಗಳಲ್ಲಿ ಮಾಡಿಸಿಕೊಳ್ಳಬಾರದು.

ಫಲ ಮತ್ತು ಮಿತಿ

ಬಗೆಗೆ ತಕ್ಕಂತೆ ಫಲದ ಅವಧಿಯೂ ಬೇರೆ. ನಿದ್ದೆಗೇಡಿನ ಕಪ್ಪು ಕೆಲವು ದಿನ ಸರಿಯಾಗಿ ಮಲಗಿದರೆ ತಿಳಿಯಾಗುತ್ತದೆ. ಮೂಗಿನ ಅಲರ್ಜಿ ಹತೋಟಿಗೆ ಬಂದರೆ ಕೆಲವು ವಾರಗಳಲ್ಲಿ ನೀಲಿ ಇಳಿಯುತ್ತದೆ. ರಕ್ತಹೀನತೆಗೆ ಮಾತ್ರೆ ಹಿಡಿದವರು ಹಿಮೋಗ್ಲೋಬಿನ್ ಸರಿಹೋದ ಮೇಲೂ ಎರಡು-ಮೂರು ತಿಂಗಳು ಮುಂದುವರಿಸಬೇಕು; ದೇಹದ ದಾಸ್ತಾನು ತುಂಬಲು ಅಷ್ಟು ಬೇಕು. ಬಿಸಿಲಿನ, ಉಜ್ಜಿದ ಕಂದು ಬಣ್ಣ ತೆಳುವಾಗಲು ಹಲವು ತಿಂಗಳು. ಅಷ್ಟೂ ದಿನ ಬಿಸಿಲಿನ ರಕ್ಷೆ ತಪ್ಪಬಾರದು. ಗುಳಿಯ ನೆರಳಿಗೂ ಮನೆತನದ ಕಪ್ಪಿಗೂ ಮನೆಮದ್ದಿನಿಂದ ಹೆಚ್ಚು ನಿರೀಕ್ಷೆ ಸಲ್ಲದು.

ಹೆಣ್ಣು ನೋಡುವ ಶಾಸ್ತ್ರಕ್ಕೆ ಮೊದಲು ಮಗಳ ಕಣ್ಣಿನ ಕೆಳಗಿನ ಕಪ್ಪು ತೆಗೆಸಬೇಕೆಂದು ಕ್ರೀಮಿಗೆ ದುಡ್ಡು ಸುರಿಯುವ ಮನೆಗಳು ಎಲ್ಲ ಊರಲ್ಲೂ ಇವೆ. ಅದೇ ದುಡ್ಡಿನಲ್ಲಿ ಮೊದಲು ಒಂದು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿದರೆ, ಕಡಿಮೆಯಿದ್ದಲ್ಲಿ ಮಾತ್ರೆ ಶುರುಮಾಡಿದರೆ, ಮದುವೆಯ ನಂತರದ ಬಸಿರು-ಬಾಣಂತನಕ್ಕೂ ಆ ರಕ್ತವೇ ಆಧಾರ. ಪರೀಕ್ಷೆಯಲ್ಲಿ ಎಲ್ಲ ಸರಿಯಿದ್ದು, ಅಜ್ಜಿಗೂ ತಾಯಿಗೂ ಅದೇ ಕಪ್ಪಿದ್ದರೆ, ಅದು ಆ ಮನೆಯ ಮುಖಲಕ್ಷಣ. ಅದಕ್ಕೆ ಮದ್ದು ಹುಡುಕುವ ಅಗತ್ಯವಿಲ್ಲ.